ಬಿರುಕು ತೋರಿಸಲು ಕರೆದೊಯ್ದ ಮನೆ

ಜೇವರ್ಗಿಯಲ್ಲಿ ಮನೆ ಕಟ್ಟುವವರಿಗೆ ನಕ್ಷೆ ಮಾಡಿಕೊಡುವುದು ನನ್ನ ಕಸುಬು. ನಕ್ಷೆಗೂ ಮೊದಲು ಗುಂಡಿ ತೋಡಿಸಿ ಮಣ್ಣು ನೋಡುತ್ತೇನೆ. ನಮ್ಮದು ಎರೆಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಾಯಿಬಿಡುತ್ತದೆ. ಅದಕ್ಕೆ ತಕ್ಕ ಬುನಾದಿ ಹಾಕದಿದ್ದರೆ ಗೋಡೆ ಸೀಳುತ್ತದೆ. ಇದನ್ನೆಲ್ಲ ಹೇಳಿದಾಗ ಬಂದವರು ಚೆನ್ನಾಗಿ ತಲೆಯಾಡಿಸುತ್ತಾರೆ. ಫೀಸಿನ ಮಾತು ಬಂದ ಕೂಡಲೇ ಎದ್ದು ಬಸ್ ಸ್ಟ್ಯಾಂಡ್ ಕಡೆಯ ಕಂಪ್ಯೂಟರ್ ಅಂಗಡಿಗೆ ನಡೆಯುತ್ತಾರೆ. ಅಲ್ಲಿ ಜೆರಾಕ್ಸಿನ ಜೊತೆ ಮನೆಯ ನಕ್ಷೆಯೂ ಸಿಗುತ್ತದೆ. ಯಾರದೋ ಮನೆಯ ನಕ್ಷೆಗೆ ಇವರ ಹೆಸರು ಹಾಕಿ ಕೊಡುತ್ತಾರೆ, ಅಷ್ಟೇ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೇಳಿ ಹೇಳಿ ಬಾಯಿ ಸೋತ ಮೇಲೆ ಒಂದು ಉಪಾಯ ಹೊಳೆಯಿತು. ಊರ ಹೊರಗಿನ ಹೊಸ ಬಡಾವಣೆಯಲ್ಲಿ ಅಂಥದೇ ಅಗ್ಗದ ನಕ್ಷೆಯಿಂದ ಕಟ್ಟಿದ ಮನೆಯೊಂದಿದೆ. ಯಜಮಾನ ಲಾರಿ ಓಡಿಸುತ್ತಾನೆ, ಮನೆಯಲ್ಲಿರುವುದು ಅಪರೂಪ. ಹೆಂಡತಿ ಮನೆಯಲ್ಲೇ ಹೊಲಿಗೆ ಹಾಕುತ್ತಾಳೆ. ಕಿಟಕಿಯ ಮೂಲೆಯಿಂದ ನೆಲದವರೆಗೆ ಗೋಡೆ ಓರೆಯಾಗಿ ಬಿರುಕು ಬಿಟ್ಟಿದೆ. ಗಿರಾಕಿಗಳನ್ನು ಅಲ್ಲಿಗೆ ಕರೆದುಕೊಂಡು ಹೋಗತೊಡಗಿದೆ.

'ಅಕ್ಕಾರ, ಇವ್ರಿಗೆ ಗೋಡಿ ತೋರಸ್ತೇನ್ರಿ' ಎನ್ನುತ್ತಿದ್ದೆ.

'ಬರ್ರಿ, ಒಳಗ ಬರ್ರಿ' ಎನ್ನುತ್ತಿದ್ದಳು. ಯಾಕೆ, ಏನು ಎಂದು ಒಮ್ಮೆಯೂ ಕೇಳಲಿಲ್ಲ. ಬಿರುಕಿನ ಮೇಲೆ ತೂಗುಹಾಕಿದ್ದ ಕ್ಯಾಲೆಂಡರನ್ನು ತಾನೇ ತೆಗೆದು, ಮಂಚ ಸರಿಸಿ, ಚಹಾ ಮಾಡಲು ಒಳಗೆ ಹೋಗುತ್ತಿದ್ದಳು. ಪಾಪ, ಏನೂ ತಿಳಿಯದ ಹೆಣ್ಣುಮಗಳು ಎಂದುಕೊಂಡಿದ್ದೆ. ಅವಳು ಅತ್ತ ಹೋದದ್ದೇ ತಡ, ನಾನು ದನಿ ತಗ್ಗಿಸಿ, 'ನೋಡ್ರಿ, ಅಗ್ಗಕ್ಕ ಸಿಕ್ಕ ನಕ್ಷೆ ಹಿಂಗಿರ್ತದ' ಎನ್ನುತ್ತಿದ್ದೆ. ಚಹಾ ಮುಗಿಯುವಷ್ಟರಲ್ಲಿ ಗಿರಾಕಿ ನನ್ನವನಾಗಿರುತ್ತಿದ್ದ.

ಒಂದೊಂದು ಮಳೆಗಾಲ ಕಳೆದಂತೆಲ್ಲ ಆ ಬಿರುಕು ಅಗಲವಾಯಿತು. ಅಗಲವಾದಷ್ಟೂ ನನ್ನ ಮಾತಿಗೆ ಬಲ ಬಂತು. ಬಚ್ಚಲ ನೀರು ಅದೇ ಗೋಡೆಯ ಬುಡದಲ್ಲಿ ನಿಲ್ಲುತ್ತಿದ್ದುದನ್ನು ನಾನು ಮೊದಲ ದಿನವೇ ನೋಡಿದ್ದೆ. ಹೇಳಲಿಲ್ಲ. ಪುಕ್ಕಟೆ ಸಲಹೆ ಕೊಡುವ ಚಾಳಿ ನನಗಿಲ್ಲ ಎಂದು ಸ್ನೇಹಿತರ ಮುಂದೆ ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದ ಮನುಷ್ಯ ನಾನು.

ಈ ಸಲದ ಮಳೆಗಾಲದಲ್ಲಿ ನೆಲೋಗಿಯ ನಿವೃತ್ತ ಮಾಸ್ತರೊಬ್ಬರನ್ನು ಕರೆದೊಯ್ದೆ. ಮೊಣಕಾಲು ನೋವೆಂದು ಅವರು ಮಂಚದ ಮೇಲೆ ಕುಳಿತರು. ಅವತ್ತು ಆಕೆ ಚಹಾ ಕೊಟ್ಟ ಮೇಲೆ ಒಳಗೆ ಹೋಗಲಿಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡು ಅವರ ಮುಂದೆ ನಿಂತಳು.

'ಸಾಹೇಬ್ರ, ನೀವರೆ ಹೇಳ್ರಿ. ನಮ್ಮ ಮನಿ ಉಳೀತದೇನ್ರಿ?'

ಮಾಸ್ತರು ಗಾಬರಿಯಾದರು. 'ನನಗೇನ್ ಕೇಳ್ತಿಯವ್ವಾ? ನಾ ಸಾಲಿ ಮಾಸ್ತರ್.'

ಆಕೆ ನನ್ನ ಕಡೆ ತಿರುಗಿದಳು. 'ಇವ್ರು ಇಂಜಿನಿಯರ್ ಅಲ್ಲೇನ್ರಿ? ನೀವು ದೊಡ್ಡ ದೊಡ್ಡವ್ರನ್ನ ಕರ್ಕೊಂಡು ಬಂದು ನಮ್ಮ ಗೋಡಿ ತೋರಸಾಕತ್ತೀರಿ ಅಂತ ತಿಳ್ಕೊಂಡಿದ್ದೆ. ನಮ್ಮವ್ರಿಗೂ ಫೋನಿನ್ಯಾಗ ಹೇಳೇನಿ, ಸಾಹೇಬ್ರು ಭಾಳ ಕಾಳಜಿ ಮಾಡ್ತಾರ ಅಂತ. ಅವಸರ ಮಾಡಬಾರ್ದು ಅಂತ ಇಷ್ಟು ದಿನ ಕೇಳಿರ್ಲಿಲ್ರಿ.'

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ. ಕೈಯಲ್ಲಿದ್ದ ಕಪ್ಪನ್ನು ಕೆಳಗಿಡಲೂ ಆಗಲಿಲ್ಲ, ಕುಡಿಯಲೂ ಆಗಲಿಲ್ಲ.

'ಬಚ್ಚಲ ನೀರು ಗೋಡಿ ಬುಡಕ್ಕ ನಿಲ್ಲಾಕತ್ತದ್ರಿ ಅಕ್ಕಾರ' ಎಂದೆ. 'ಪೈಪ್ ಹಾಕಿ ದೂರ ಬಿಡ್ರಿ. ಬಿರುಕು ಇನ್ನ ಬೆಳೆಯೋದು ಕಡಿಮಿ ಆಗ್ತದ. ಗೋಡಿ ರಿಪೇರಿ ಆಮ್ಯಾಲ ನೋಡೋಣ.'

'ಇಷ್ಟೇ ಏನ್ರಿ?' ಎಂದಳು. ಮುಖ ಅರಳಿತ್ತು. ನಾನು ಮತ್ತೆ ಅತ್ತ ನೋಡಲಿಲ್ಲ.

ಮಾಸ್ತರನ್ನು ಕಾರಿನಲ್ಲಿ ವಾಪಸು ಕರೆತಂದೆ. ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಾಗ, 'ನಕ್ಷೆ ನೀವೇ ಮಾಡ್ರಿ. ನಿಮಗ ಎಲ್ಲಾ ಗೊತ್ತಿರ್ತದ' ಎಂದರು. ಕೆಲಸವೇನೋ ಸಿಕ್ಕಿತು. ಆ ಮಾತು ಮಾತ್ರ ಇನ್ನೂ ಚುಚ್ಚುತ್ತದೆ.

ಕೆಲವು ದಿನ ಬಿಟ್ಟು ಒಬ್ಬನೇ ಹೋದೆ. ಪೈಪ್ ಹಾಕಿಸಿದ್ದರು, ಗೋಡೆಯ ಬುಡ ಒಣಗುತ್ತಿತ್ತು. ಕರೆತಂದವರೆಲ್ಲ ಯಾರು, ಯಾತಕ್ಕೆ ಕರೆತಂದೆ ಎಂಬುದನ್ನು ಅವಳಿಗೆ ಹೇಳಿದೆ. ಹೊಲಿಗೆ ಮಷೀನಿನ ಮೇಲೆ ಕೈಯಿಟ್ಟುಕೊಂಡು ಪೂರ್ತಿ ಕೇಳಿದಳು. ಬೈದಿದ್ದರೆ ಚೆನ್ನಾಗಿತ್ತು.

'ನಿಮ್ಮ ಕೆಲಸಕ್ಕ ಬೇಕಂದ್ರ ಮುಂದೂ ಕರ್ಕೊಂಡು ಬರ್ರಿ' ಎಂದಳು. 'ಖರೆ, ಮೊದ್ಲ ಒಂದು ಫೋನ್ ಹಚ್ರಿ. ನಮ್ಮ ಮನ್ಯಾಗ ಹಾಲು ಇರಂಗಿಲ್ರಿ. ನೀವು ಬಂದಾಗೆಲ್ಲಾ ಬಾಜೂ ಮನ್ಯಾಗ ಇಸ್ಕೊಂಡು ಬರ್ತಿದ್ದೆ.'