ಹೊಟ್ಟೆಯ ಗುಳಿಗೆ, ಐತನ ಪೆಟ್ಟಿಗೆ

ತ್ರಿಪ್ಲಿಕೇನಿನ ಮುರಳೀಧರ ರಾಯರ ಮೆಸ್ಸಿನ ಸುದ್ದಿ ತೆಗೆದರೆ ನನಗೆ ಇವತ್ತಿಗೂ ಬಾಯಿ ಕಹಿಯಾಗುತ್ತದೆ. ಊಟ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಉಣ್ಣಿಸುವವರ ಮನಸ್ಸು ನೋಡಿದ ಮೇಲೆ ಉಂಡದ್ದು ಮೈಗೆ ಹತ್ತಬೇಕಲ್ಲ?

ನಾನು ಅಲ್ಲಿ ಬಡಿಸುತ್ತಿದ್ದೆ. ಐತ ಹಿತ್ತಲಲ್ಲಿ ಇಡ್ಲಿಗೆ, ದೋಸೆಗೆ ಅರೆಯುತ್ತಿದ್ದ. ಬೆಳ್ತಂಗಡಿ ಕಡೆಯವನು, ಮೀಸೆ ಮೂಡುವ ವಯಸ್ಸಿನಲ್ಲಿ ಮದ್ರಾಸಿಗೆ ಬಂದವನು, ತಲೆ ನೆರೆತರೂ ಅದೇ ಹಿತ್ತಲು. ಅಲ್ಲಿಂದ ಅಡಿಗೆಮನೆಗೆ ಒಂದು ಮೆಟ್ಟಿಲು. ಅದನ್ನು ಅವನು ಒಂದು ದಿನವೂ ಹತ್ತಿದವನಲ್ಲ. ಹಿಟ್ಟಿನ ಪಾತ್ರೆಯನ್ನು ಮೆಟ್ಟಿಲ ಮೇಲಿಟ್ಟು, "ಭಟ್ರೇ, ಹಿಟ್ಟು" ಎಂದು ಕೂಗಿ ಹಿಂದೆ ಸರಿಯುತ್ತಿದ್ದ. ಅಡಿಗೆಯ ಪಂಢರಿನಾಥ ಭಟ್ಟರು ಅದಕ್ಕೆ ಎರಡು ಹನಿ ನೀರು ಚಿಮುಕಿಸಿ ಒಳಗೆ ಒಯ್ಯುತ್ತಿದ್ದರು. ಮೊಣಕೈವರೆಗೆ ಹಿಟ್ಟಿನೊಳಗೆ ಮುಳುಗಿದ ಕೈಗೆ ಇಲ್ಲದ ಮೈಲಿಗೆ ಆ ಮೆಟ್ಟಿಲಲ್ಲಿ ಎಲ್ಲಿಂದ ಹುಟ್ಟುತ್ತಿತ್ತೋ, ಆ ಕೃಷ್ಣನೇ ಹೇಳಬೇಕು.

ಭಾನುವಾರ ಸಂಜೆ ಐತ ಮರೀನಾಕ್ಕೆ ಹೋಗಿ ಹುರಿದ ಮೀನು ತಿನ್ನುತ್ತಿದ್ದ. ಅವನಿಗಿದ್ದದ್ದು ಅದೊಂದೇ ಸುಖ. ತಿಂದಾದ ಮೇಲೆ ಬೀದಿ ನಲ್ಲಿಯಲ್ಲಿ ಕೈಗೆ ಹುಣಸೆಹುಳಿ ತಿಕ್ಕಿ, ಬಾಯಿ ಮುಕ್ಕಳಿಸಿ, ಚೀಲದಲ್ಲಿ ಒಯ್ದ ಬೇರೆ ಅಂಗಿ ತೊಟ್ಟು ಬರುತ್ತಿದ್ದ.

"ಎಂತಕ್ಕೆ ಮಾರಾಯ ಇಷ್ಟೆಲ್ಲ?" ಎಂದು ಒಮ್ಮೆ ಕೇಳಿದೆ.

"ಅವರ ಅನ್ನ ಉಣ್ಣುವುದಲ್ವಾ? ಅವರ ಮೂಗಿಗೂ ಒಂದು ಮರ್ಯಾದೆ ಬೇಡ್ವಾ?" ಎಂದ.

ಎರಡು ಸಾವಿರದ ಇಸವಿ ಹತ್ತಿರ ಬಂದಾಗ ಊರಿಗೆ ಗುಳಿಗೆಯ ಪಿಡುಗು ಅಂಟಿತು. ರಾಯರ ಹೆಂಡತಿ ಜಯಲಕ್ಷ್ಮೀ ಅಕ್ಕ ಸದಸ್ಯರ ಕೈಯಲ್ಲಿ ಗುಳಿಗೆ ಮಾರಿಸುವ ಯಾವುದೋ ಕಂಪನಿಯ ಸಭೆಗೆ ಹೋಗಿ, ಚಪ್ಪಾಳೆ ತಟ್ಟಿ, ಸದಸ್ಯೆಯಾಗಿ ಬಂದರು. ಗಲ್ಲಾದ ಹಿಂದೆ ಬಾಟಲಿಗಳ ಸಾಲು ನಿಂತಿತು. ಜೀರ್ಣಕ್ಕೆ ಒಂದು, ವಾಯುವಿಗೆ ಒಂದು, ಕರುಳು ತೊಳೆಯಲು ಇನ್ನೊಂದು. ಅವರಿಗೆ ಹೊತ್ತುಗೊತ್ತು ಬೇಡವೇ? ಗಿರಾಕಿ ಹುಳಿಯನ್ನ ಕಲಸಿ ಬಾಯಿಗಿಡುವಾಗಲೇ ಎದುರು ನಿಂತು, "ಬೆಳಿಗ್ಗೆ ಹೊಟ್ಟೆ ಸರಿಯಾಗಿ ಹೋಗ್ತದಾ ನಿಮಗೆ? ಗಟ್ಟಿಯಾ, ನೀರಾ?" ಎಂದು ವಿಚಾರಿಸುತ್ತಿದ್ದರು. ಥೂ! ಮಜ್ಜಿಗೆ ಬಡಿಸಲು ಬಾಗಿದ ನಾನು ಸೌಟು ಹಿಡಿದು ಮುಂದಿನ ಎಲೆಗೆ ಓಡುತ್ತಿದ್ದೆ.

ಮೊದಲು ಗಾಳಕ್ಕೆ ಸಿಕ್ಕವರು ಭಟ್ಟರು. ಹೋಟೆಲಿನವರ ಹೊಟ್ಟೆ ಗೊತ್ತಲ್ಲ, ಬೆಳಗಿನಿಂದ ಬರೀ ಕಾಫಿ, ಊರಿಗೆಲ್ಲ ಉಣ್ಣಿಸಿ ಕೈತೊಳೆದ ಮೇಲೆ ತಮ್ಮ ಊಟ. ಭಟ್ಟರ ಹೊಟ್ಟೆ ಸದಾ ಗುಡುಗುಡು ಎನ್ನುತ್ತಿತ್ತು. ಅಕ್ಕ ವಾಯುವಿನ ಗುಳಿಗೆ ಕೊಟ್ಟರು. ಹೊಂಬಣ್ಣದ ಮೆತ್ತನೆಯ ಗುಳಿಗೆ, ಒಳಗೆ ಎಣ್ಣೆ.

"ಮಡಿಯಲ್ಲಿ ತಗೊಳ್ಬಹುದಾ ಅಕ್ಕಾ? ಇದರಲ್ಲಿ ಎಂತ ಉಂಟೋ ಏನೋ."

"ಔಷಧಿಗೆ ಎಂತ ಮೈಲಿಗೆ ಭಟ್ರೇ? ಗಿಡಮೂಲಿಕೆ ಅಂತ ಮೀಟಿಂಗಲ್ಲಿ ಹೇಳಿದ್ದಾರೆ."

ಬಾಟಲಿಯ ಮೇಲಿನ ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಕೊಟ್ಟವರೂ ಓದಲಿಲ್ಲ, ನುಂಗಿದವರೂ ಓದಲಿಲ್ಲ. ಭಟ್ಟರು ದಿನಾ ಮಿಂದು, ಮಡಿಯುಟ್ಟು, ಕಾಫಿಯ ಜೊತೆ ಗುಳಿಗೆ ನುಂಗಿ ಒಲೆಯ ಮುಂದೆ ನಿಲ್ಲತೊಡಗಿದರು.

ನಮ್ಮಲ್ಲಿ ಒಂದು ಪದ್ಧತಿಯಿತ್ತು. ಹಳೆಯ ಗಿರಾಕಿಗಳಿಗೆ ಮೊದಲ ಸೌಟು ಸಾರನ್ನು ಭಟ್ಟರೇ ಬಂದು ಬಡಿಸುವುದು. ದೇವಸ್ಥಾನದ ಬೀದಿಯ ಅಯ್ಯಂಗಾರ್ ಮಾಮಾ, ಹೆಂಡತಿ ತೀರಿಕೊಂಡ ಮೇಲೆ ನಮ್ಮಲ್ಲೇ ಉಣ್ಣುತ್ತಿದ್ದವರು, ಒಂದು ದಿನ ಭಟ್ಟರು ಬಡಿಸಿ ಹೋದದ್ದೇ ಮೂಗು ಮುಚ್ಚಿಕೊಂಡರು.

"ಎನ್ನ ರಾವ್, ಪೂಂಡು ವಾಸನೆ ವರದು!"

ಪೂಂಡು ಎಂದರೆ ಬೆಳ್ಳುಳ್ಳಿ. ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಅಡಿಗೆ ಎಂದು ಬೋರ್ಡಿನಲ್ಲೇ ಬರೆಸಿದ ಮೆಸ್ಸು ಅದು. ರಾಯರು ಅಡಿಗೆಮನೆಗೆ ನುಗ್ಗಿ ಮೂಸಿದರು. ವಾಸನೆ ಇತ್ತು. ಎಲ್ಲಿಂದ, ಯಾರಿಂದ ಎಂದು ಕೇಳುವ ತಾಳ್ಮೆ ಅವರಿಗೆಲ್ಲಿ? ನೇರ ಹಿತ್ತಲಿಗೆ ಹೋದರು.

"ಐತಾ, ಪೆಟ್ಟಿಗೆ ತೆಗಿ."

ನಮ್ಮನ್ನೆಲ್ಲ ಕರೆದು ನಿಲ್ಲಿಸಿದರು. ಐತ ತಗಡಿನ ಪೆಟ್ಟಿಗೆ ತೆಗೆದ. ರಾಯರು ಬಗ್ಗಲಿಲ್ಲ, ಕೋಲಿನಿಂದ ಒಂದೊಂದೇ ಎತ್ತಿ ಎತ್ತಿ ನೆಲಕ್ಕೆ ಹಾಕಿದರು. ಅಂಗಿ, ಪಂಚೆ, ಹರಿದ ಒಳಚಡ್ಡಿ, ಹುಣಸೆಹುಳಿಯ ಉಂಡೆ, ತೀರಿಹೋದ ಮಗಳ ಬಳೆ. ಬೆಳ್ಳುಳ್ಳಿಯ ಸಿಪ್ಪೆಯೂ ಸಿಗಲಿಲ್ಲ. ಸಿಗದಿದ್ದದ್ದೂ ಅವನ ತಪ್ಪೇ ಆಯಿತು.

"ತಿಂದು ಮುಗಿಸಿದ್ದಾನೆ, ಕಳ್ಳ! ಮೀನು ತಿನ್ನುವ ಬಾಯಿಗೆ ಬೆಳ್ಳುಳ್ಳಿ ಯಾವ ಲೆಕ್ಕ?"

"ದೇವರಾಣೆ, ನಾನು ತರ್ಲಿಲ್ಲ ಧಣಿ."

"ನಿನ್ನ ದೇವರು ಬೇರೆ, ನಮ್ಮ ದೇವರು ಬೇರೆ. ನಡಿ ಆಚೆ."

ಭಟ್ಟರು ಮೆಟ್ಟಿಲ ಮೇಲೆ ಶಲ್ಯದಿಂದ ಮೂಗು ಮುಚ್ಚಿ ನಿಂತಿದ್ದರು. ಒಂದು ತೇಗು ತೇಗಿ, "ಕೃಷ್ಣ ಕೃಷ್ಣ, ಎಂತ ಕಾಲ ಬಂತು" ಎಂದರು. ಐತ ನೆಲದಿಂದ ಮೊದಲು ಬಳೆಯನ್ನು ಹೆಕ್ಕಿ ಅಂಗಿಯಲ್ಲಿ ಸುತ್ತಿದ. ಪೆರಂಬೂರಿನ ಒಂದು ಕ್ಯಾಂಟೀನಿನಲ್ಲಿ ಅವನ ಸೋದರಳಿಯನಿದ್ದ. ಅಲ್ಲಿಗೆ ಹೋದನೆಂದು ಆಮೇಲೆ ತಿಳಿಯಿತು.

ಐತ ಹೋದ, ವಾಸನೆ ಹೋಗಲಿಲ್ಲ. ಭಟ್ಟರು ವಾಯು ಇಳಿಯಲಿಲ್ಲವೆಂದು ಗುಳಿಗೆಯನ್ನು ಇಮ್ಮಡಿ ಮಾಡಿದ್ದರು. ಮಾಮಾ ಒಂದು ಮಧ್ಯಾಹ್ನ ಎಲೆಯ ಮುಂದೆ ಕೂತಲ್ಲಿಂದಲೇ ಭಟ್ಟರ ರಟ್ಟೆ ಹಿಡಿದರು. "ರಾವ್, ಇಂಗೆ ವಾಂಗೋ, ಇಲ್ಲಿ ಬನ್ನಿ! ವಾಸನೆ ಸಾರಿಂದಲ್ಲ, ಇವರ ಬಾಯಿಂದ!"

ಜನ್ಮದಲ್ಲಿ ಬೆಳ್ಳುಳ್ಳಿ ಮುಟ್ಟದ ಭಟ್ಟರಿಗೆ ತಮ್ಮ ತೇಗು ಯಾವುದರದ್ದೆಂದು ತಿಳಿಯುವುದಾದರೂ ಹೇಗೆ? ಗಾಬರಿಯಾಗಿ ಸೊಂಟದಿಂದ ಬಾಟಲಿ ತೆಗೆದು ಕೊಟ್ಟರು. ಮಾಮಾ ಕನ್ನಡಕ ಏರಿಸಿ ಓದಿದರು, ಒಂದು ಗುಳಿಗೆಯನ್ನು ಉಗುರಿನಿಂದ ಚಿವುಟಿದರು. ಎಣ್ಣೆ ಚಿಮ್ಮಿತು. ಊಟದ ಕೋಣೆಗೆ ಕೋಣೆಯೇ ಬೆಳ್ಳುಳ್ಳಿ ನಾರಿತು. ಗಿರಾಕಿಗಳು ಅರ್ಧ ಎಲೆ ಬಿಟ್ಟು ಎದ್ದರು.

ಆ ಸಂಜೆಯೇ ಭಟ್ಟರು ಪಂಚಗವ್ಯ ಕುಡಿದು ಶುದ್ಧರಾದರು. ಅಕ್ಕನಿಗೆ ಅದೂ ಬೇಕಾಗಲಿಲ್ಲ, ಔಷಧಿಯಲ್ಲವೇ! ಐತನ ಹೆಸರನ್ನು ಯಾರೂ ಎತ್ತಲಿಲ್ಲ. ಆದರೆ ಅರೆಯಲು ಬಂದ ಹೊಸಬನ ಹಿಟ್ಟಿನಲ್ಲಿ ಇಡ್ಲಿ ಕಲ್ಲಾಗುತ್ತಿತ್ತು. ಆಗ ರಾಯರಿಗೆ ಐತ ನೆನಪಾದ. ನನ್ನನ್ನೇ ಪೆರಂಬೂರಿಗೆ ಓಡಿಸಿದರು.

ಐತ ಬಂದ. ಪೆಟ್ಟಿಗೆ ತಂದಿರಲಿಲ್ಲ. ಹಿತ್ತಲಲ್ಲಿ ನಿಂತು ಹೇಳಿದ: "ಧಣಿ, ಎಲ್ಲರೆದುರು ನನ್ನ ಪೆಟ್ಟಿಗೆ ತೆಗೆಸಿದ್ರಿ. ಐತ ತಂದದ್ದಲ್ಲ ಅಂತ ಎಲ್ಲರೆದುರು ಒಂದು ಮಾತು ಹೇಳಿ, ಸಾಕು. ಈಗಲೇ ಅಕ್ಕಿ ನೆನೆಹಾಕ್ತೇನೆ."

ಒಂದು ಮಾತು. ಅದಕ್ಕೆ ದುಡ್ಡು ಬೀಳುತ್ತದೆಯೇ? ರಾಯರು ಭಟ್ಟರ ಮುಖ ನೋಡಿದರು, ನಮ್ಮ ಮುಖ ನೋಡಿದರು, ಗಂಟಲು ಸರಿಮಾಡಿಕೊಂಡರು. "ಆಗಿಹೋದದ್ದನ್ನು ಎಂತಕ್ಕೆ ಕೆದಕುವುದು ಮಾರಾಯ? ನಿನಗೆ ಕೆಲಸ ಉಂಟಲ್ಲ, ಮತ್ತೆಂತ ಬೇಕು?"

ಅಷ್ಟರಲ್ಲಿ ಅಕ್ಕ ಒಳಗಿಂದ ಅದೇ ಗುಳಿಗೆಯ ಹೊಸ ಬಾಟಲಿಯೊಂದನ್ನು ತಂದು ಮೆಟ್ಟಿಲ ಮೇಲಿಟ್ಟರು. "ತಗೋ ಐತಾ, ನಿನಗೆ ಪುಕ್ಕಟೆ. ಬೇಜಾರು ಮಾಡ್ಬೇಡ."

"ಅಕ್ಕಾ, ಇದರಲ್ಲಿ ಬೆಳ್ಳುಳ್ಳಿ ಉಂಟಲ್ಲ?"

"ಇದ್ರೆ ಎಂತ? ನೀವೆಲ್ಲ ತಿನ್ನುವವರಲ್ವಾ?"

ನನ್ನ ಮೈ ಉರಿದುಹೋಯಿತು. ಐತ ಬಾಟಲಿ ಎತ್ತಿಕೊಂಡು, ಹಿತ್ತಲ ಮೂಲೆಯಲ್ಲಿ ತುಂಬಿ ನಿಂತಿದ್ದ ಎಂಜಲೆಲೆಯ ಡ್ರಮ್ಮಿಗೆ ಹಾಕಿ, ಗೇಟು ದಾಟಿ ಹೋದ. ಮತ್ತೆ ಅವನು ತ್ರಿಪ್ಲಿಕೇನಿಗೆ ಕಾಲಿಡಲಿಲ್ಲ.

"ಅಯ್ಯೋ, ಸೀಲು ಒಡೆಯದ ಬಾಟಲಿ!" ಎಂದು ಅಕ್ಕ ಕೂಗಿದರು.

ಐತನ ಬಟ್ಟೆಯನ್ನು ಕೋಲಿನಿಂದ ಎತ್ತಿದ ರಾಯರು ಈಗ ತೋಳು ಮಡಚಿದರು. ಊರವರೆಲ್ಲರ ಎಂಜಲಿನೊಳಗೆ ಮೊಣಕೈವರೆಗೆ ಕೈಹಾಕಿ ತಡಕಿ, ಬಾಟಲಿಯನ್ನು ಹೊರತೆಗೆದು, ಉಟ್ಟ ಪಂಚೆಯಲ್ಲೇ ಒರೆಸಿದರು. ಸಂಜೆ ಪಕ್ಕದ ಲಾಡ್ಜಿನಿಂದ ಊಟಕ್ಕೆ ಬಂದ ಒಬ್ಬ ಗಿರಾಕಿಗೆ ಅದನ್ನೇ ಮಾರಿದರು.