ಎಂ.ಎ.ಗಾಗಿ ಹಿಡಿದ ಹಗ್ಗ

ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿನ ಪ್ರಕಾರ ನಾನು ಬೀಜಾಡಿಯ ಕಡಲ ತಡಿಯಲ್ಲಿ ಮೀನುಗಾರರ ಜೊತೆ ಬಲೆ ಎಳೆದಿದ್ದೇನೆ. ಬೆವರು ಸುರಿಸಿದ್ದೇನೆ. ಎ.ಸಿ. ರೂಮಿನ ಅರ್ಥಶಾಸ್ತ್ರಜ್ಞ ನಾನಲ್ಲ ಅಂತ ಸಾಬೀತು ಮಾಡಿದ್ದೇನೆ. ವಂಡ್ಸೆಯ ಮಾವ ಆ ಫೋಟೋವನ್ನು ಸ್ಟೇಟಸ್ಸಿಗೆ ಹಾಕಿ, ಕೆಳಗೆ 'ನಮ್ಮ ಹೆಮ್ಮೆ' ಅಂತ ಬರೆದಿದ್ದಾರೆ.

ಸುಳ್ಳು. ನಾನು ಬಲೆ ಎಳೆದಿಲ್ಲ. ಹಗ್ಗ ಹಿಡಿದಿದ್ದೇನೆ. ಫೋಟೋಕ್ಕೆ ಬೇಕಾದಷ್ಟು ಹೊತ್ತು.

ಎರಡಕ್ಕೂ ಏನು ವ್ಯತ್ಯಾಸ ಅಂತೀರಾ? ಅದನ್ನೇ ಈ ವಾರ ಹೇಳಬೇಕಾಗಿದೆ. ಹೇಳುವಾಗ ಮುಖ ಎಲ್ಲಿ ಇಟ್ಟುಕೊಳ್ಳಲಿ ಅಂತ ಗೊತ್ತಾಗುತ್ತಿಲ್ಲ, ಅಷ್ಟೇ.

ಅಪ್ಲೈಡ್ ಎಕನಾಮಿಕ್ಸ್‌ನಲ್ಲಿ ಎಂ.ಎ. ಪಡೆಯಲು ಏನೇನು ಬೇಕು ಅಂತ ಪ್ರಾಸ್ಪೆಕ್ಟಸ್ಸಿನಲ್ಲಿ ನೀಟಾಗಿ ಅಚ್ಚಾಗಿದೆ. ನಾಲ್ಕು ಸೆಮಿಸ್ಟರ್. ಮೈಕ್ರೋ, ಮ್ಯಾಕ್ರೋ, ಸ್ಟ್ಯಾಟಿಸ್ಟಿಕ್ಸ್. (ಅರ್ಧ ಕ್ಲಾಸಿಗೆ ನಿದ್ದೆ ಬರಿಸುವ, ಇನ್ನರ್ಧಕ್ಕೆ ನಿದ್ದೆ ಕೆಡಿಸುವ) ಇಕನಾಮೆಟ್ರಿಕ್ಸ್. ಹಾಜರಿ, ಇಂಟರ್ನಲ್ಸ್, ಸೆಮಿನಾರು. ಕೊನೆಗೊಂದು ಪ್ರಾಜೆಕ್ಟ್. ಅದಕ್ಕೆ ಸರ್ಕಾರದ ವೆಬ್‌ಸೈಟಿನ ಅಂಕಿಅಂಶ ಸಾಲದು, ಸ್ವತಃ ಜನರ ಹತ್ತಿರ ಹೋಗಿ ಕೇಳಿಕೊಂಡು ಬರಬೇಕು. ಅದರ ಮೇಲೆ ವೈವಾ.

ನಮ್ಮ ಡಿಪಾರ್ಟ್‌ಮೆಂಟಿನವರು ಇದಕ್ಕೆ ತಮ್ಮದೊಂದು ಷರತ್ತು ಸೇರಿಸಿದ್ದಾರೆ: ಜಿಯೋಟ್ಯಾಗ್ ಫೋಟೋ. ನೀವು ಆ ಜಾಗದಲ್ಲಿ ಇದ್ದಿರಿ ಅಂತ ಫೋಟೋದ ಮೇಲೆ ಅಕ್ಷಾಂಶ, ರೇಖಾಂಶ ಸಮೇತ ಬರಬೇಕು. ಮನೆಯಲ್ಲೇ ಕೂತು ಹಳ್ಳಿಗರ ಉತ್ತರ ಬರೆದ ಹಿಂದಿನ ಬ್ಯಾಚಿನ ಪ್ರತಿಭಾವಂತರ ಕೃಪೆ ಇದು. ಅನುಮಾನಪಡುವವರನ್ನು ನಾನು ದೂರುವುದಿಲ್ಲ. ಅನುಮಾನ ನನ್ನ ಕಸುಬು ಅಂತ ಈ ಅಂಕಣ ಓದುವ ನಿಮಗೂ ಗೊತ್ತು.

ನನ್ನ ವಿಷಯ ಕೈರಂಪಣಿ. ದೋಣಿಯಲ್ಲಿ ಹೋಗಿ ಬಲೆ ಬಿಟ್ಟು ಬರುತ್ತಾರೆ, ಆಮೇಲೆ ದಡದಲ್ಲಿ ನಿಂತವರು ಎರಡು ತುದಿಯ ಹಗ್ಗ ಹಿಡಿದು ಎಳೆಯುತ್ತಾರೆ. ಮೀನು ಹೇಗೆ ಪಾಲಾಗುತ್ತದೆ ಎಂಬುದು ನನ್ನ ಪ್ರಶ್ನೆ. ತಂಡದ ಮುಖ್ಯಸ್ಥ ರಾಘವಣ್ಣ ಮೊದಲ ದಿನವೇ ನಿಯಮ ಹೇಳಿದ್ದರು. ಬಲೆ ಮರಳಿಗೆ ತಾಗುವಾಗ ಯಾರ ಕೈ ಹಗ್ಗದ ಮೇಲೆ ಇದೆಯೋ ಅವರಿಗೆ ಪಾಲು. ಜಾತಿ, ವಯಸ್ಸು, ಸಂಬಂಧ, ಯಾವುದೂ ಲೆಕ್ಕಕ್ಕಿಲ್ಲ. ಎಷ್ಟು ಚಂದದ ನಿಯಮ! ಎರಡನೇ ಅಧ್ಯಾಯದಲ್ಲಿ ಅದನ್ನು ಹೊಗಳಿ ಒಂದು ಪುಟ ಬರೆದೆ.

ಕಳೆದ ವಾರ ಫೋಟೋಕ್ಕೆಂದು ಹೋದೆ. ಗಂಡಸರೆಲ್ಲ ಹಗ್ಗದಲ್ಲಿ. ತುದಿಯಲ್ಲಿ ಜಲಜಕ್ಕ. ಆ ತಂಡದಲ್ಲಿ ಹಗ್ಗ ಎಳೆಯುವ ಹೆಂಗಸು ಅವರೊಬ್ಬರೇ. ಗಂಡ ತೀರಿಕೊಂಡ ಮೇಲೆ ಅವನ ಜಾಗಕ್ಕೆ ಬಂದು ನಿಂತವರು. "ಅಕ್ಕಾ, ಒಂದು ಫೋಟೋ ತೆಗೀತೀರಾ?" ಎಂದೆ. ಅವರು ನಕ್ಕು ಹಗ್ಗ ನನ್ನ ಕೈಗೆ ಕೊಟ್ಟರು, ಫೋನು ತಾವು ತೆಗೆದುಕೊಂಡರು.

ಆ್ಯಪ್ ಲೊಕೇಶನ್ ಹುಡುಕತೊಡಗಿತು. ಹುಡುಕುತ್ತಲೇ ಇತ್ತು. (ಎದುರಿಗೆ ಅರಬ್ಬೀ ಸಮುದ್ರ. ಇನ್ನೇನು ಗುರುತು ಬೇಕಿತ್ತೋ!) ಸಿಗ್ನಲ್ ಸಿಗಲಿ ಅಂತ ಜಲಜಕ್ಕ ಫೋನನ್ನು ಎತ್ತಿ ಹಿಡಿದು ಹಿಂದೆ ಹಿಂದೆ ಹೋದರು. ಕೊನೆಗೂ ಫೋಟೋ ಬಂತು. ಅಷ್ಟರಲ್ಲಿ ಬಲೆಯೂ ಬಂತು.

ಮರಳಿನ ಮೇಲೆ ಮೀನಿನ ಗುಪ್ಪೆಗಳು ಬಿದ್ದವು. ರಾಘವಣ್ಣ ಒಂದು ಗುಪ್ಪೆ ತೋರಿಸಿ, ಇದು ನಿಮ್ಮದು ಎಂದರು. ನನಗೆ ಖುಷಿಯೋ ಖುಷಿ. ಹೆಗಲಲ್ಲಿ ಸೆಮಿನಾರಿನಲ್ಲಿ ಕೊಟ್ಟ ಚೀಲ ಇತ್ತು. 'ಸುಸ್ಥಿರ ಅಭಿವೃದ್ಧಿ' ಅಂತ ಅದರ ಮೇಲೆ ಅಚ್ಚು. ಅದನ್ನೇ ಬಾಯಿ ಅಗಲಿಸಿ ಹಿಡಿದೆ. ಬ್ರಹ್ಮಾವರದ ನಮ್ಮ ಮನೆಯಲ್ಲಿ ಆ ದಿನ ಬಂಗುಡೆ ಸಾರು. ಮಗ ದುಡಿದು ತಂದದ್ದು ಅಂತ ಅಮ್ಮ ಪಕ್ಕದ ಮನೆಗೂ ಕೊಟ್ಟರು.

ಜಲಜಕ್ಕನಿಗೂ ಪಾಲು ಸಿಕ್ಕಿರುತ್ತದೆ ಅಂದುಕೊಂಡೆ ಅಂತ ಬರೆಯಹೊರಟಿದ್ದೆ. ಅದೂ ನಿಜವಲ್ಲ. ಅವರ ಬಗ್ಗೆ ಏನನ್ನೂ ಅಂದುಕೊಳ್ಳಲಿಲ್ಲ.

ಎರಡು ದಿನ ಬಿಟ್ಟು ಪ್ರಶ್ನಾವಳಿ ಹಿಡಿದುಕೊಂಡು ಅವರ ಮನೆಗೆ ಹೋದೆ. ಚಹಾ ಬಂತು. ಪ್ರಶ್ನೆಗಳು ಸರಾಗವಾಗಿ ಸಾಗಿದವು. ಈ ತಿಂಗಳು ಬಲೆಗೆ ಹೋಗಿಯೂ ಪಾಲು ಸಿಗದೇ ಇದ್ದದ್ದು ಉಂಟಾ ಎಂದು ಕೇಳಿದೆ. ಒಂದು ಸಲ ಎಂದರು. ಕಾರಣ?

"ಫೋಟೋ ತೆಗುಕೆ ಹೋದ್ದ್ ಅಂದೇಳಿ ಬರ್ಕೋ ಮಗಾ."

ಅವರು ನಗುತ್ತಿದ್ದರು.

ಆಮೇಲೆ ಒಂದೊಂದಾಗಿ ಹೊರಬಂತು. ಆ ದಿನ ಬೈಂದೂರಿನಿಂದ ಮಗಳನ್ನು ನೋಡಲು ನೆಂಟರು ಬರುವವರಿದ್ದರಂತೆ. ನಮ್ಮ ಬಲೆಯ ಮೀನು ಉಣ್ಣುವಿರಂತೆ ಬನ್ನಿ ಅಂತ ಇವರೇ ಫೋನಿನಲ್ಲಿ ಹೇಳಿದ್ದರಂತೆ. ಬರಿಗೈಯಲ್ಲಿ ಬಂದು, ಸೀರೆ ಬದಲಿಸಿ, ಕೋಟೇಶ್ವರದ ಮಾರ್ಕೆಟ್ಟಿಗೆ ಓಡಿದ್ದಾರೆ. ಅಲ್ಲಿ ಮೀನು ಮಾರುವವರೆಲ್ಲ ಇವರ ಪರಿಚಯದವರೇ. ಒಬ್ಬಳು, "ಎಂತ ಜಲಜಾ, ಬಲೆ ಮಾರಿಯಾಯ್ತಾ?" ಅಂತ ಎಲ್ಲರಿಗೂ ಕೇಳುವ ಹಾಗೆ ಕೂಗಿದ್ದಾಳೆ. ಬಲೆ ಎಳೆಯುವ ಮನೆಯವರು ನೆಂಟರಿಗೆ ಮೀನು ಕೊಂಡು ಬಡಿಸಿದರು ಅನ್ನುವ ಮಾತು ಇಡೀ ಕೇರಿಗೆ ಗೊತ್ತಾಗಿದೆ. ನನಗೊಬ್ಬನಿಗೆ ಗೊತ್ತಿರಲಿಲ್ಲ.

ಮೀನು ತಂದು ಕೊಡುತ್ತೇನೆ ಎಂದೆ. ಎಂಥ ದಡ್ಡ ಮಾತು! "ನೆಂಟ್ರ್ ಉಂಡ್ಕಂಡ್ ಹೋಯಾಯ್ತ್" ಎಂದು ಅವರು ಚಹಾದ ಲೋಟ ಎತ್ತಿಕೊಂಡರು.

ಕಾಲೇಜಿನಲ್ಲಿ ಒಂದೇ ವಿಷಯಕ್ಕೆ ಪರವಾಗಿಯೂ ವಿರುದ್ಧವಾಗಿಯೂ ಮಾತಾಡಿ ಕಪ್ ಗೆದ್ದವ ನಾನು. ನಾಚಿಕೆಯಾದಾಗಲೂ ಮೊದಲು ಹುಡುಕುವುದು ಎದುರಾಳಿಯನ್ನೇ. ನೇರ ರಾಘವಣ್ಣನ ಹತ್ತಿರ ಹೋದೆ. ಅಷ್ಟು ಹೊತ್ತು ಎಳೆದವರು ಜಲಜಕ್ಕ, ನಾನು ಕೊನೆಯಲ್ಲಿ ಬಂದು ನಿಂತವ, ನಿಯಮದ ಉದ್ದೇಶ ಮುಖ್ಯವೋ ಅಕ್ಷರ ಮುಖ್ಯವೋ, ಅಂತೆಲ್ಲ ವಾದ ಹೂಡಿದೆ. ರಾಘವಣ್ಣ ಬಲೆಯ ಹರಕು ಕಟ್ಟುತ್ತಾ ಪೂರ್ತಿ ಕೇಳಿದರು. ಒಬ್ಬೊಬ್ಬರ ಕಾರಣ ಕೇಳುತ್ತಾ ಕೂತರೆ ಮೀನು ಕೊಳೆಯುತ್ತದೆ, ಅದಕ್ಕೇ ಆ ನಿಯಮ ಎಂದರು. ಆಮೇಲೆ ತಲೆ ಎತ್ತದೆ ಒಂದು ಮಾತು ಸೇರಿಸಿದರು.

"ನೀವ್ ಬ್ಯಾಡ ಅಂದಿದ್ರೆ ಅವ್ಳಿಗೇ ಕೊಡ್ತಿದ್ದೆ. ನೀವ್ ಚೀಲ ಹಿಡ್ದ್ರಿ."



ಕಥೆ ಇಲ್ಲಿಗೇ ನಿಂತಿದ್ದರೆ ಒಂದು ಕ್ಷಮೆ ಕೇಳಿ ಮುಗಿಸುತ್ತಿದ್ದೆ. ಆದರೆ ಪ್ರಾಜೆಕ್ಟ್ ಸೋಮವಾರ ಸಲ್ಲಿಸಬೇಕು. ಗೈಡ್ ಸರ್‌ಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಆ ಉತ್ತರ ನಿನ್ನಿಂದಲೇ ಹುಟ್ಟಿದ್ದು, ಸಂಶೋಧಕ ತಾನೇ ಉಂಟುಮಾಡಿದ ಘಟನೆ ಡೇಟಾದಲ್ಲಿ ಇರಬಾರದು, ಎಕ್ಸೆಲ್‌ನಲ್ಲಿ ಆ ಸಾಲು ಡಿಲೀಟ್ ಮಾಡು ಎಂದರು. ಅಡಿಟಿಪ್ಪಣಿ ಹಾಕಲೇ ಎಂದೆ. ಹೊರಗಿನ ಪರೀಕ್ಷಕರು ಅದನ್ನೇ ಹಿಡಿದುಕೊಳ್ಳುತ್ತಾರೆ, ಬೇಡ. ಫೋಟೋ? ಅದು ಕಡ್ಡಾಯ, ಇರಲಿ.

ಮೆಥಡಾಲಜಿ ಪೇಪರಿನ ಪ್ರಕಾರ ಸರ್ ಹೇಳಿದ್ದು ಸರಿ. ಅದನ್ನೇ ಪರೀಕ್ಷೆಯಲ್ಲಿ ಬರೆದು ನಾನೂ ಒಳ್ಳೆಯ ಮಾರ್ಕ್ಸ್ ತೆಗೆದಿದ್ದೇನೆ.

ಎಕ್ಸೆಲ್‌ನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು. ಜಲಜಕ್ಕನ ಸಾಲು ಡಿಲೀಟ್ ಮಾಡಿ ನೋಡಿದೆ. ಟೇಬಲ್ ತನ್ನಷ್ಟಕ್ಕೇ ಬದಲಾಯಿತು. ಹಗ್ಗ ಎಳೆಯುವವರಲ್ಲಿ ಮಹಿಳೆಯರು ಎಂಬಲ್ಲಿ ಸೊನ್ನೆ ಬಂದು ಕೂತಿತು. ಮೊದಲು ಅವರ ಮೀನು ಹೋಯಿತು. ಈಗ ಅವರೇ ಹೋದರು. ಎರಡೂ ಸಲ ನಿಯಮ ಸರಿಯಾಗಿಯೇ ಇತ್ತು, ನೋಡಿ! ಅನ್‌ಡು ಒತ್ತಿದೆ, ವಾಪಸ್ ಬಂದರು. ಇನ್ನೂ ಒಂದು ದಾರಿ ಹೊಳೆಯಿತು. ಪಾಲು ಸಿಗದ ಒಂದು ಸಲವನ್ನು ಸದ್ದಿಲ್ಲದೆ ಅಳಿಸಿಬಿಟ್ಟರೆ ಜಲಜಕ್ಕನೂ ಉಳಿಯುತ್ತಾರೆ, ನಾನೂ ಉಳಿಯುತ್ತೇನೆ. ಆ ಉಪಾಯ ಎಷ್ಟು ಬೇಗ ಹೊಳೆಯಿತು ಅನ್ನುವುದು ಎಲ್ಲಕ್ಕಿಂತ ಹೆಚ್ಚು ನಾಚಿಕೆಯ ವಿಷಯ.

ಯಾಕೆಂದರೆ ಅವರ ಮನೆಯಿಂದ ಹೊರಡುವಾಗ ಜಲಜಕ್ಕ ಬಾಗಿಲವರೆಗೆ ಬಂದಿದ್ದರು. ಇದೆಲ್ಲ ನಿನ್ನ ಪುಸ್ತಕದಲ್ಲಿ ಬರುತ್ತದಾ ಎಂದು ಕೇಳಿದ್ದರು. ಬರುತ್ತದೆ ಎಂದಿದ್ದೆ.

"ಹಂಗಾರೆ ಹಗ್ಗ ಬಿಟ್ಳ್ ಅಂದೇಳಿ ಮಾತ್ರ ಬರೀಬ್ಯಾಡ. ಎಳಿತ್ಳ್ ಅಂದೇಳಿಯೂ ಬರಿ."

ಹ್ಞೂಂ ಎಂದು ತಲೆಯಾಡಿಸಿ ಬೈಕ್ ಹತ್ತಿದ್ದೆ. ಅವರು ಕೇಳಿದ್ದು ಅದೊಂದೇ.

ಪ್ರಾಜೆಕ್ಟಿನ ಮೊದಲ ಪುಟದಲ್ಲಿ, ಇದೆಲ್ಲ ನಾನೇ ಕಂಡು ಕೇಳಿ ಬರೆದದ್ದು ಅಂತ ವಿದ್ಯಾರ್ಥಿ ಸಹಿ ಹಾಕಬೇಕು. ಅದರ ಕೆಳಗೆ ಗೈಡ್ ಸಹಿ. ನಮ್ಮ ಸರ್ ಈ ಅಂಕಣವನ್ನು ತಪ್ಪದೆ ಓದುತ್ತಾರೆ. ನಿನ್ನೆ ಸಂಜೆ ಅವರಿಗೊಂದು ಮೆಸೇಜ್ ಹಾಕಿದ್ದೇನೆ. ನೀಲಿ ಗೆರೆ ಬಂದಿದೆ, ಉತ್ತರ ಬಂದಿಲ್ಲ. ಇಲ್ಲಿಯೂ ಅದನ್ನೇ ಕೇಳುತ್ತಿದ್ದೇನೆ.

ಸರ್, ಆ ತಂಡದಲ್ಲಿ ಹಗ್ಗ ಎಳೆಯುವ ಹೆಂಗಸರೇ ಇಲ್ಲ ಅಂತ ಬರೆದು ನಾನು ಸಹಿ ಹಾಕಿದರೆ, ನೀವೂ ಹಾಕುತ್ತೀರಾ?