ಅವ್ವ ಒಪ್ಪದ ಟೆಲಿಸ್ಕೋಪು

ಮೊದಲ ಟೆಲಿಸ್ಕೋಪು ಕೊಳ್ಳಲು ಹೋಗುವಾಗ ಅವ್ವನನ್ನು ಜೊತೆಗೆ ಕರೆದೊಯ್ಯಬೇಡಿ, ಸ್ನೇಹಿತರೇ. ಇವತ್ತು ಸಿದ್ಧೇಶ್ವರ ಗುಡಿ ಹತ್ತಿರದ ಅಂಗಡಿಯವರು ಒಂದನ್ನು ಬಾಗಿಲಲ್ಲಿ ನಿಲ್ಲಿಸಿ ಗುಡಿಯ ಶಿಖರದತ್ತ ತಿರುಗಿಸಿದರು. ಅವ್ವ ಚಪ್ಪಲಿ ಬಿಟ್ಟು, ಕೈಮುಗಿದು, ಕಣ್ಣಿಟ್ಟಳು. ಮರುಕ್ಷಣವೇ ಹಿಂದೆ ಸರಿದಳು.

"ಯಪ್ಪಾ, ಗುಡಿ ತಲಿಕೆಳಗ ಆಗೈತಲ್ಲೋ!"

"ಚುಕ್ಕಿ ನೋಡೋದು ಹಿಂಗ ಇರತೈತ್ರಿ ಅವ್ವಾರ. ಚುಕ್ಕಿಗೆ ಮ್ಯಾಲ ಏನು, ಕೆಳಗ ಏನ್ರಿ?" ಎಂದರು ಅಂಗಡಿಯವರು.

"ಹೊರಸು ತಲಿಕೆಳಗಾದ್ರ ಅದರ ಮ್ಯಾಲ ಮಲಗಿದ ಮುದುಕಿ ಬೀಳಂಗಿಲ್ಲೇನ್ರಿ?"

ಅವರು ನನ್ನ ಮುಖ ನೋಡಿದರು. ನನಗೆ ಮಾತ್ರ ತಿಳಿಯಿತು. ನಾನು ಚಿಕ್ಕವನಿದ್ದಾಗ ಬೇಸಿಗೆಯಲ್ಲಿ ನಮ್ಮೂರು ಕಳ್ಳಕವಟಗಿಯ ಮನೆಯ ಮಾಳಿಗೆಯ ಮೇಲೆ ಕೌದಿ ಹಾಸಿ ಮಲಗುತ್ತಿದ್ದಾಗ ಅವ್ವ ಸಪ್ತರ್ಷಿಗಳನ್ನು ತೋರಿಸುತ್ತಿದ್ದದ್ದೇ ಹಾಗೆ: ನಾಲ್ಕು ಚುಕ್ಕಿ ಮುದುಕಿ ಮಲಗಿದ ಹೊರಸಿನ ಕಾಲು, ಉಳಿದ ಮೂರು ಅದನ್ನು ಎಳೆದೊಯ್ಯುತ್ತಿರುವ ಕಳ್ಳರು. ಮುದುಕಿಗೆ ಎಚ್ಚರವಾಗಲೆಂದು ನಾನು ಜೋರಾಗಿ ಕೆಮ್ಮುತ್ತಿದ್ದೆ. "ನೀ ಮಲ್ಕೋ, ನಾ ಕಾಯತೇನಿ" ಎನ್ನುತ್ತಿದ್ದಳು ಅವ್ವ.

ಕೊನೆಗೆ ಎಲ್ಲವನ್ನೂ ನೆಟ್ಟಗೆ ತೋರಿಸುವ, ಎರಡು ಕಣ್ಣಿನ ದುರ್ಬೀನು ತಂದೆವು. ಕತ್ತಲಾಗುತ್ತಲೇ ತೊರವಿಯ ನಮ್ಮ ಮನೆಯ ಮಾಳಿಗೆ ಹತ್ತಿ, ಸಪ್ತರ್ಷಿಗಳತ್ತ ಹಿಡಿದು ಅವ್ವನಿಗೆ ಕೊಟ್ಟೆ.

"ಬರೇ ಒಂದ ಕಾಲು ಕಾಣಾಕತ್ತೈತಿ. ಉಳಿದ ಹೊರಸು ಎಲ್ಲಿ ಹೋತೋ?"

ದುರ್ಬೀನನ್ನು ನನಗೇ ವಾಪಸು ಕೊಟ್ಟಳು. ಈಗ ಅವ್ವ ಬರಿಗಣ್ಣಿನಲ್ಲೇ ಮುದುಕಿಯನ್ನು ಕಾಯುತ್ತಿದ್ದಾಳೆ. ನಾನು ದುರ್ಬೀನು ಕೊರಳಿಗೆ ಹಾಕಿಕೊಂಡು ಕೆಮ್ಮುತ್ತಿದ್ದೇನೆ.